ಕೆಳಗೆ ಕಾಣದ ಕನ್ನಡಕ

ಧರ್ಮಪುರದ ಅಂಜನಪ್ಪನ ಮಗಳು ಸುಚಿತ್ರಾಳಿಗೆ ಒಂದು ಕಡೆ ಕೂರುವುದೆಂದರೆ ಆಗದು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬರುತ್ತಾಳೆ, ನಿಂತಷ್ಟು ಹೊತ್ತೂ ಮುಂದಿನ ಸೀಟಿನ ಕಂಬಿಯನ್ನು ಅಂಗೈಯಿಂದ ತಟ್ಟುತ್ತಿರುತ್ತಾಳೆ. ಮನೆಯಲ್ಲಿ ರಾಗಿ ಡಬ್ಬ, ಬಾಗಿಲು, ಅಜ್ಜಿಯ ಬೆನ್ನು, ಕೈಗೆ ಏನು ಸಿಕ್ಕರೆ ಅದರ ಮೇಲೆ ಟಪಟಪ. "ಇವಳ ಕೈಗೆ ಯಾರಾದ್ರೂ ಒಂದು ತಮಟೆ ಕೊಡ್ರಪ್ಪ" ಎಂದು ಅವ್ವ ಓಬಮ್ಮ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು. ತಮಟೆಯನ್ನೇನೂ ಯಾರೂ ಕೊಡಲಿಲ್ಲ. ಹಿರಿಯೂರಿನ ಕಾಲೇಜಿಗೆ ಪಿಯುಸಿ ಓದಲು ಹೋದಾಗ ಅಲ್ಲಿನ ಆಟದ ಮೇಷ್ಟ್ರು ಹನುಮಂತರಾಜು ಅವಳ ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟರು.

ಕೊಟ್ಟದ್ದೇ ತಡ, ಚೆಂಡೂ ಅವಳೂ ಒಂದಾದರು. ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಎಡಗೈ, ಬಲಗೈ ಎರಡರಲ್ಲೂ ಚೆಂಡು ಪುಟಿಸುತ್ತಾಳೆ, ಉಸಿರು ಬಿಡದೆ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಾಳೆ. ಆದರೆ ಒಂದು ದೊಡ್ಡ ಐಬಿತ್ತು. ಚೆಂಡು ಪುಟಿಸುವಾಗ ಅವಳ ಕಣ್ಣು ಚೆಂಡನ್ನು ಬಿಟ್ಟು ಆಚೆ ಹೋಗುತ್ತಿರಲಿಲ್ಲ. ತಲೆ ಬಗ್ಗಿಸಿಕೊಂಡು ಓಡುವವಳಿಗೆ ಎದುರು ಯಾರು ಬಂದರೆಂದು ಹೇಗೆ ತಿಳಿಯಬೇಕು? ಎದುರಿನವಳು ಸುಮ್ಮನೆ ಕೈ ಚಾಚಿದರೆ ಸಾಕು, ಚೆಂಡು ಅವಳದಾಗುತ್ತಿತ್ತು.

ಅದರಲ್ಲಿ ಸುಚಿತ್ರಾಳದೇ ತಪ್ಪು ಎನ್ನುವಂತಿಲ್ಲ. ನಡೆಯಲು ಕಲಿತಾಗಿನಿಂದ ಅವಳು ಹೊಲದಲ್ಲಿ ಕಡ್ಲೇಕಾಯಿ ಆಯ್ದವಳು. ಗಿಡ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯನ್ನು ಹುಡುಕಿ ಹೆಕ್ಕಬೇಕು. ತಲೆ ಎತ್ತಿದವರ ಮಡಿಲು ತುಂಬುವುದಿಲ್ಲ. ಜೊತೆಗೆ ಚೇಳಿದೆ ನೋಡು, ಮುಳ್ಳಿದೆ ನೋಡು, ಹೆಣ್ಣುಮಗಳು ನೆಲ ನೋಡಿ ನಡಿ ಎಂದು ಮನೆಯವರು, ಬೀದಿಯವರು, ಹೋಗುವವರು, ಬರುವವರು ಹದಿನೇಳು ವರ್ಷ ಹೇಳಿದ್ದರು. ಇಷ್ಟೆಲ್ಲ ಆದ ಮೇಲೆ ಒಬ್ಬ ಮೇಷ್ಟ್ರು ಬಂದು ತಲೆ ಎತ್ತು ಎಂದರೆ ಕತ್ತು ಕೇಳುತ್ತದೆಯೇ?

"ಏನಮ್ಮಾ, ಕೋರ್ಟಿನಾಗೂ ಕಾಯಿ ಆಯ್ತೀಯಾ?" ಎಂದು ಹನುಮಂತರಾಜು ರೇಗುತ್ತಿದ್ದರು. ಅವರು ರೇಗಲು ಕಾರಣವೂ ಇತ್ತು. ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ದುರ್ಗದಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಜಿಲ್ಲಾ ತಂಡಕ್ಕೆ ಸೇರಿ ರಾಜ್ಯ ಪಂದ್ಯ ಆಡಿದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತಿತ್ತು, ಅಲ್ಲೇ ಊಟ, ಅಲ್ಲೇ ಡಿಗ್ರಿ. ಸೇರದಿದ್ದರೆ ಸುಚಿತ್ರಾಳ ಓದು ಪಿಯುಸಿಗೇ ಮುಗಿಯಿತು. ಅಂಜನಪ್ಪ ಅದನ್ನು ಮೊದಲೇ ಹೇಳಿಬಿಟ್ಟಿದ್ದ. ಮುಂದಿನ ವರ್ಷ ನೋಡೋಣವೆಂದರೆ ವಯಸ್ಸು ಮೀರುತ್ತದೆ. ಇದ್ದದ್ದು ಇದೊಂದೇ ಸಲ.

"ಚೆಂಡು ಒಯ್ಯೋಕೆ ಒಬ್ಬಳಿಗೇ ಜಾಗ ಐತೆ" ಎಂದರು ಮೇಷ್ಟ್ರು. "ಒಂದೋ ನೀನು, ಇಲ್ಲ ಹೊಸದುರ್ಗದ ಆ ಸುಚೇತಾ. ಆ ಹುಡುಗಿ ತಲೆ ಎತ್ಕಂಡೇ ಆಡ್ತಾಳೆ, ನೋಡಿದೀನಿ."

ಮೇಷ್ಟ್ರು ಯಾವುದೋ ತರಬೇತಿಗೆ ಬೆಂಗಳೂರಿಗೆ ಹೋಗಿದ್ದಾಗ ಒಂದು ವಿಚಿತ್ರ ಕನ್ನಡಕ ನೋಡಿದ್ದರಂತೆ. ಅದಕ್ಕೆ ಗಾಜಿಲ್ಲ. ಕಣ್ಣಿನ ಕೆಳಗೆ ಮಾತ್ರ ಒಂದು ಕಪ್ಪು ತಟ್ಟೆ ಚಾಚಿಕೊಂಡಿರುತ್ತದೆ. ಹಾಕಿಕೊಂಡರೆ ಎದುರಿನದೆಲ್ಲ ಕಾಣುತ್ತದೆ, ಕೆಳಗಿನ ಚೆಂಡು ಮಾತ್ರ ಕಾಣುವುದಿಲ್ಲ. ಹೀಗೆ ತಿಂಗಳು ಆಡಿದರೆ ಕಣ್ಣಿನ ಕೆಲಸ ಕೈ ಕಲಿಯುತ್ತದೆ. ಮೇಷ್ಟ್ರು ಚಾಕ್‌ಪೀಸಿನಲ್ಲಿ ಅದರ ಚಿತ್ರವನ್ನು ಕೋರ್ಟಿನ ಮೇಲೇ ಬರೆದು ತೋರಿಸಿದರು. "ಅದೆಲ್ಲ ಹೊರದೇಶದ್ದು. ನಮ್ಮ ಹಿರಿಯೂರಿನಾಗೆ ಎಲ್ಲಿ ಸಿಗ್ತೈತೆ?" ಎಂದು ಅವರೇ ಕಾಲಿನಿಂದ ಅಳಿಸಿಯೂ ಬಿಟ್ಟರು.

ಅಳಿಸುವಷ್ಟರಲ್ಲಿ ಸುಚಿತ್ರಾ ಆ ಚಿತ್ರವನ್ನು ನುಂಗಿಯಾಗಿತ್ತು. ಮನೆಯಲ್ಲಿ ಅಜ್ಜಿ ಮಲ್ಲಕ್ಕನ ಟ್ರಂಕಿನಲ್ಲಿ ಕಣ್ಣಿನ ಕ್ಯಾಂಪಿನವರು ಕೊಟ್ಟ ಕಪ್ಪು ಕನ್ನಡಕವಿತ್ತು. ಪೊರೆ ತೆಗೆಸಿದ ಮೇಲೆ ನಲವತ್ತು ದಿನ ಹಾಕಿಕೊಂಡು ಅಜ್ಜಿ ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದಳು. ಸುಚಿತ್ರಾ ಅದರ ಗಾಜು ಕಿತ್ತಳು. ಹಳೇ ಸೈಕಲ್ ಟ್ಯೂಬನ್ನು ಅರ್ಧಚಂದ್ರದಂತೆ ಕತ್ತರಿಸಿ, ಒಳಗೊಂದು ರಟ್ಟು ಕೊಟ್ಟು, ಗೋಣಿ ಹೊಲಿಯುವ ದಬ್ಬಳದಿಂದ ಚೌಕಟ್ಟಿನ ಕೆಳಗಂಚಿಗೆ ಹೊಲಿದಳು. ಓಡುವಾಗ ಬೀಳದಿರಲೆಂದು ಲಂಗದ ಲಾಡಿಯಿಂದ ತಲೆಯ ಹಿಂದಕ್ಕೆ ಕಟ್ಟಿದಳು. ಅಷ್ಟಕ್ಕೇ ಬಿಡದೆ, ಚೆಂಡಿನ ಸ್ಪರ್ಶ ಮಂದವಾಗಲಿ ಎಂದು ಎರಡು ಕೈಗೂ ಹಳೇ ಕಾಲುಚೀಲ ತೊಟ್ಟಳು. ಆಮೇಲೆ ಚೀಲ ಕಳಚಿದರೆ ಬೆರಳು ಚುರುಕಾಗುತ್ತವೆ ಎಂದು ಅದನ್ನೂ ಮೇಷ್ಟ್ರೇ ಹೇಳಿದ್ದು.

"ನನ್ನ ಕನ್ನಡಕ ಯಾರೇ ಮುಟ್ಟಿದ್ದು?" ಎಂದು ಅಜ್ಜಿ ಮೊದಲು ಕೂಗಾಡಿದಳು. ವಿಷಯ ಕೇಳಿದ ಮೇಲೆ, "ಹಂಗಾದ್ರೆ ಚೆಂದಾಗಿ ಹೊಲಿ. ಕಣ್ಣಿಗೆ ಚುಚ್ಚೀತು" ಎಂದು ತಾನೇ ದಾರ ಪೋಣಿಸಿಕೊಟ್ಟಳು. ಹೊಸದಾಗಿ ಬಂದ ಕಣ್ಣಿನಿಂದ ಸೂಜಿಗೆ ದಾರ ಪೋಣಿಸುವುದೆಂದರೆ ಅವಳಿಗೆ ಬಲು ಹೆಮ್ಮೆ.

ಮೇಷ್ಟ್ರು ಕೊಟ್ಟಿದ್ದ ಬೋಳು ಚೆಂಡು ಹಿಡಿದು ಸುಚಿತ್ರಾ ದಿನ ಬೆಳಗಾದರೆ ಕಣಕ್ಕೆ ಹೋಗುತ್ತಿದ್ದಳು. ಸಗಣಿ ಸಾರಿಸಿ ಗಟ್ಟಿಯಾದ ನೆಲದ ಮೇಲೆ ಚೆಂಡು ಚೆನ್ನಾಗಿಯೇ ಪುಟಿಯುತ್ತಿತ್ತು. ಮೊದಲ ವಾರ ಚೆಂಡು ಹುಡುಕಿದ್ದೇ ಹೆಚ್ಚು. ಎರಡನೇ ವಾರ ನಿಂತಲ್ಲಿ ಬಂತು. ಮೂರನೇ ವಾರ ಓಡುತ್ತ ಬಂತು. ದಿನಕ್ಕೆ ಅರ್ಧ ಗಂಟೆ ಸಾಕು ಎಂದಿದ್ದರು ಮೇಷ್ಟ್ರು. ಆದರೆ ಆಯ್ಕೆಯ ದಿನ ಹತ್ತಿರ ಬಂದಂತೆಲ್ಲ ಹುಡುಗಿಯ ಎದೆಯಲ್ಲಿ ಒಂದೇ ಕುದಿ. ಅರ್ಧ ಗಂಟೆ ಎಲ್ಲಿ ಸಾಕಾದೀತು? ಮನೆಗೆ ಬಂದ ಮೇಲೂ ಕನ್ನಡಕ ತೆಗೆಯದೆ ಓಡಾಡಿದಳು. ಹಾಗೆ ಓಡಾಡಿ ನೀರಿನ ಕೊಡ ಒದ್ದಳು, ಕೋಳಿ ಪುಟ್ಟಿಯೊಳಗೆ ಕಾಲಿಟ್ಟಳು, ಅಜ್ಜಿಯ ಎಲೆಅಡಿಕೆ ತಟ್ಟೆ ತುಳಿದಳು.

ಊರಿಗೆ ಕಣ್ಣಿರಲಿಲ್ಲವೇ? ಇತ್ತು, ಬಾಯಿಯೂ ಇತ್ತು. ಕಪ್ಪು ಕನ್ನಡಕ ಎಂದರೆ ನಮ್ಮ ಕಡೆ ಒಂದೇ ಅರ್ಥ, ಕಣ್ಣಿನ ಆಪರೇಷನ್. ಬಸ್ ಸ್ಟ್ಯಾಂಡಿನ ಹೋಟೆಲ್ ಬೋರಯ್ಯ ಅಂಜನಪ್ಪನ ಮುಂದೆ ಟೀ ಇಟ್ಟು, ದನಿ ತಗ್ಗಿಸಿ, "ಮಗಳ ಕಣ್ಣು ಹಂಗಾಯ್ತಂತಲ್ಲೋ ಅಂಜನಪ್ಪ, ಒಂದು ಮಾತು ಹೇಳಬಾರ್ದಾ?" ಎಂದ. ಅಂಜನಪ್ಪ ಟೀ ಕುಡಿಯಲಿಲ್ಲ. ಎದ್ದು ಮನೆಗೆ ಬಂದ.

ಅವನು ಬಂದಾಗ ಮಗಳು ಊಟಕ್ಕೆ ಕೂತಿದ್ದಳು. ಕನ್ನಡಕ ಹಾಕಿರಲಿಲ್ಲ. ಅಂಜನಪ್ಪ ಬಾಗಿಲಲ್ಲೇ ನಿಂತು ನೋಡಿದ. ಮಗಳ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಕೈ ಮಾತ್ರ ತಾನೇ ಇಳಿದು ಮುದ್ದೆ ಮುರಿಯಿತು, ಸಾರಿನಲ್ಲಿ ಅದ್ದಿತು, ನೀರಿನ ಲೋಟವನ್ನು ತಡವಿ ಹಿಡಿಯಿತು. ತಟ್ಟೆಯ ಕಡೆ ಒಮ್ಮೆಯಾದರೂ ಅವಳು ನೋಡಲಿಲ್ಲ. ಅದು ಅವಳ ತಿಂಗಳ ಸಾಧನೆ, ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಅಂಜನಪ್ಪನಿಗೆ ಕಂಡದ್ದು ಪೊರೆ ಬಂದ ಕಾಲದಲ್ಲಿ ತನ್ನ ತಾಯಿ ಮಲ್ಲಕ್ಕ ಉಣ್ಣುತ್ತಿದ್ದ ರೀತಿ.

"ಸುಚೀ, ನಿಜ ಹೇಳು. ಎಷ್ಟು ದಿನದಿಂದ ಹಿಂಗೈತೆ?"

"ಏನಪ್ಪ ಹಿಂಗಿರೋದು?"

"ಕಣ್ಣು."

ಸುಚಿತ್ರಾ ನಕ್ಕಳು. ಆಟದ ಕನ್ನಡಕ, ಮೇಷ್ಟ್ರು, ಟ್ಯೂಬು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಂಜನಪ್ಪ ತಲೆಯಾಡಿಸಿದ. "ನಿಮ್ಮಜ್ಜಿನೂ ಎಲ್ಡು ವರ್ಷ ಇಂಥವೇ ಕತೆ ಹೇಳಿದ್ಲು."

"ಅವಳ ಕಣ್ಣು ಚೆಂದಾಗವೆ ಕಣೋ, ನಾನೇ ಸೂಜಿ ಪೋಣಿಸಿಕೊಟ್ಟಿದ್ದು" ಎಂದಳು ಮಲ್ಲಕ್ಕ.

"ನೀನು ಸುಮ್ಕಿರವ್ವ. ಮೇಕೆ ವಿಷ್ಯ ಮರ್ತೋಯ್ತಾ?"

ಮೇಕೆಯ ವಿಷಯ ಯಾರು ಮರೆತಾರು? ತನಗೆ ಎಲ್ಲವೂ ಕಾಣುತ್ತದೆ ಎಂದು ಸಾಧಿಸುತ್ತಲೇ ಮಲ್ಲಕ್ಕ ಪಕ್ಕದ ಮನೆಯ ಮೇಕೆಯನ್ನು ತಮ್ಮದೆಂದು ಎಳೆದು ತಂದು ಎರಡು ದಿನ ಕಟ್ಟಿ ಮೇವು ಹಾಕಿದ್ದಳು. ಕಣ್ಣಿನ ವಿಚಾರದಲ್ಲಿ ಆ ಮನೆಯಲ್ಲಿ ಅವಳ ಮಾತಿಗೆ ಕಿಮ್ಮತ್ತಿರಲಿಲ್ಲ. ಮೇಷ್ಟ್ರು ಆಯ್ಕೆಯ ಕೆಲಸಕ್ಕೆಂದು ಆಗಲೇ ದುರ್ಗ ಸೇರಿದ್ದರು; ಪಾಪ, ಸುಚಿತ್ರಾಳಿಗೆ ಇದ್ದ ಒಬ್ಬಳೇ ಸಾಕ್ಷಿ ಅವಳು.

"ಚೆಂಡು ಬಡಿದೇ ಹಿಂಗಾಗಿರೋದು" ಎಂದು ಅಂಜನಪ್ಪ ತೀರ್ಪು ಕೊಟ್ಟ. "ಕಣ್ಣು ನೆಟ್ಟಗಾಗೋ ತನಕ ಆಟ ಬಂದ್. ಆ ಕನ್ನಡಕ ಇತ್ಲಾಗೆ ಕೊಡು."

ಆಯ್ಕೆಗೆ ಎಂಟು ದಿನ ಉಳಿದಿತ್ತು. ಸುಚಿತ್ರಾ ಅತ್ತಳು, ಊಟ ಬಿಟ್ಟಳು, ಕಣದವರೆಗೆ ಹೋಗಿ ಬರಿಗೈ ಆಡಿಸಿಕೊಂಡು ವಾಪಸು ಬಂದಳು. ಇಲ್ಲ ಎಂದಷ್ಟೂ ಅಪ್ಪನ ಅನುಮಾನ ಗಟ್ಟಿಯಾಗುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು ಮನೆಯೊಳಗೆ ಅತ್ತಿಂದಿತ್ತ ಶತಪಥ ತಿರುಗುವಾಗ ಅವಳಿಗೆ ಉಪಾಯ ಹೊಳೆಯಿತು. ಇಲ್ಲ ಎಂದರೆ ತಾನೇ ಕಷ್ಟ? ಹೌದು ಎಂದುಬಿಟ್ಟರೆ? ಆಯ್ಕೆ ದುರ್ಗದಲ್ಲಿ, ಕಣ್ಣಿನ ಡಾಕ್ಟರೂ ದುರ್ಗದಲ್ಲಿ. ಬೆಳಿಗ್ಗೆ ಡಾಕ್ಟರು ಬಾಯಿಬಿಟ್ಟು ಏನೂ ಇಲ್ಲವೆಂದ ಮೇಲೆ ಮಧ್ಯಾಹ್ನ ಅಪ್ಪ ಯಾವ ಮುಖದಿಂದ ಬೇಡವೆನ್ನುತ್ತಾನೆ?

ಗುರುವಾರ ಸಂಜೆ ಅಪ್ಪನ ಪಕ್ಕ ಹೋಗಿ ನಿಂತಳು. "ಅಪ್ಪಾ, ಒಂದಿಷ್ಟು ಮಂಜುಮಂಜಾಗೇ ಕಾಣ್ತೈತೆ. ದುರ್ಗಕ್ಕೆ ಹೋಗಾಣ. ಶನಿವಾರ ಹೋಗಾಣ."

ಅಂಜನಪ್ಪ ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಬೈಯಲಿಲ್ಲ. ಹುರಿ ಹೊಸೆಯುತ್ತಿದ್ದವನು ಹುರಿಯನ್ನು ಕೆಳಗಿಟ್ಟು, "ಹೂಂ ಕಣವ್ವ, ಹೋಗಾಣ" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಶನಿವಾರ ಮೊದಲನೇ ಬಸ್ಸಿಗೆ ಹೊರಟರು. ಸುಚಿತ್ರಾಳ ಚೀಲದ ತಳದಲ್ಲಿ ಶೂ ಮತ್ತು ಆಟದ ಬಟ್ಟೆ ಇದ್ದವು, ಮೇಲೆ ಅವ್ವ ಕಟ್ಟಿದ ಬುತ್ತಿ. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸುವಾಗ ಅಂಜನಪ್ಪ ಮಗಳ ರಟ್ಟೆ ಹಿಡಿದುಕೊಂಡೇ ಇಳಿಸಿದ, ಹಿಡಿದುಕೊಂಡೇ ಹತ್ತಿಸಿದ. ದಾರಿಯುದ್ದಕ್ಕೂ, "ಅದು ಕಾಣ್ತೈತಾ? ಆ ಗುಡ್ಡ? ಆ ಎಮ್ಮೆ?" ಎಂದು ಕೇಳುತ್ತ ಬಂದ. ಸುಚಿತ್ರಾ ಒಂದಕ್ಕೆ ಕಾಣ್ತೈತೆ, ಇನ್ನೊಂದಕ್ಕೆ ಇಲ್ಲ ಎನ್ನುತ್ತ ಬಂದಳು. ಮನಸ್ಸೆಲ್ಲ ಗಡಿಯಾರದ ಮೇಲಿತ್ತು. ಆಯ್ಕೆ ಎರಡು ಗಂಟೆಗೆ.

ಕಣ್ಣಿನ ಆಸ್ಪತ್ರೆಯಲ್ಲಿ ಜನ ಕಿಕ್ಕಿರಿದಿದ್ದರು. ಇವರ ಸರದಿ ಬರುವಾಗ ಹನ್ನೊಂದೂವರೆ. ಸುಚಿತ್ರಾ ಬೆಂಚಿನ ಮೇಲೆ ಕೂತಳು, ಎದ್ದಳು, ಕಿಟಕಿಗೆ ಹೋದಳು, ಮತ್ತೆ ಕೂತಳು. ಬೆಂಚಿನ ತುದಿಯಲ್ಲಿ ಅವಳ ಬೆರಳು ತಾಳ ಹಾಕುತ್ತಲೇ ಇದ್ದವು. ಕೊನೆಗೆ ಒಬ್ಬ ಕಾಂಪೌಂಡರ್ ಬಂದು, "ತಲೆ ಹಿಂದಕ್ಕೆ ಮಾಡಮ್ಮ" ಎಂದು ಎರಡು ಕಣ್ಣಿಗೂ ಉರಿಯುವ ಹನಿ ಬಿಟ್ಟ. "ಪಾಪೆ ದೊಡ್ಡದಾಗಬೇಕು. ಅರ್ಧ ಗಂಟೆ ಕಣ್ಣು ತೆಗಿಬೇಡ."

ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ಆಡಬೇಕಾದ ಕಣ್ಣಿಗೆ ಏನು ಬಿಟ್ಟನೋ! ತೆರೆದರೆ ಬೈಯುತ್ತಾರೆ, ಮುಚ್ಚಿದರೆ ಹೊತ್ತು ಹೋಗುತ್ತದೆ. ಕತ್ತಲಲ್ಲಿ ಕೂತು ಅವಳು ಒಂದರಿಂದ ನೂರು, ಮತ್ತೆ ಒಂದರಿಂದ ನೂರು ಎಣಿಸತೊಡಗಿದಳು. ಎಷ್ಟನೆಯ ನೂರೋ, ಪಕ್ಕದಲ್ಲೇ ಅಪ್ಪನ ದನಿ ಕೇಳಿಸಿತು. ಮಗಳು ನಿದ್ದೆ ಹೋಗಿದ್ದಾಳೆಂದು ಅಂಜನಪ್ಪ ಕಾಂಪೌಂಡರನ ಜೊತೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದ.

"ಸಾರ್, ಒಂದು ಮಾತು. ಡಾಕ್ಟ್ರಿಗೆ ನೀವೇ ಹೇಳ್ರಿ. ನನ್ನ ಕಣ್ಣು ಎಲ್ಡೂ ಗಟ್ಟಿಯಾಗವೆ. ಒಂದು ತೆಗೆದು ಇವಳಿಗೆ ಹಾಕೋಕೆ ಬರ್ತೈತಾ?"

"ಹಂಗೆಲ್ಲ ಬರಲ್ಲ ಯಜಮಾನ್ರೆ. ಕುಂತ್ಕಳ್ರಿ ಸುಮ್ನೆ."

"ಅಲ್ಲ ಸಾರ್, ಕೇಳ್ರಿ. ಹೊಲದ ಕೆಲ್ಸಕ್ಕೆ ನನಗೆ ಒಂದೇ ಸಾಕು. ಅವಳಿನ್ನೂ ಓದೋ ಹುಡುಗಿ."

ಬೆಂಚಿನ ಮೇಲೆ ತಾಳ ಹಾಕುತ್ತಿದ್ದ ಬೆರಳು ನಿಂತವು. ಸುಚಿತ್ರಾಳಿಗೆ ಎಣಿಕೆ ತಪ್ಪಿತು. ಇದೆಂಥ ಸುಳ್ಳು ಹೇಳಿಬಿಟ್ಟೆ, ಇದಕ್ಕಿಂತ ಆಟವನ್ನೇ ಬಿಟ್ಟಿದ್ದರಾಗುತ್ತಿತ್ತು ಎಂದು ತನ್ನನ್ನು ತಾನೇ ಬೈದುಕೊಂಡಳು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಬಂತು. ಔಷಧಿಯ ಉರಿ ಎಂದುಕೊಂಡು ಅಂಜನಪ್ಪ ಪಂಚೆಯ ತುದಿಯಿಂದ ಒರೆಸಿದ.

ಡಾಕ್ಟರು ಲೈಟು ಬಿಟ್ಟು ಎರಡೂ ಕಣ್ಣು ನೋಡಿದರು. ಆಮೇಲೆ ನಗುತ್ತ, "ಏನೂ ಇಲ್ಲ ಯಜಮಾನ್ರೆ. ನನ್ನ ಕಣ್ಣಿಗಿಂತ ಇವಳ ಕಣ್ಣೇ ಚೆನ್ನಾಗಿವೆ. ಔಷಧಿ ಹಾಕಿರೋದ್ರಿಂದ ಸಾಯಂಕಾಲದ ತನಕ ಹತ್ತಿರದ್ದು ಸರಿಯಾಗಿ ಕಾಣಲ್ಲ, ಬಿಸಿಲು ಚುಚ್ಚುತ್ತೆ, ಅಷ್ಟೆ" ಎಂದರು. ಅಂಜನಪ್ಪ ಕೈ ಮುಗಿದ. ಮುಗಿದ ಕೈಯನ್ನು ಹಾಗೇ ಹಣೆಗೆ ಒತ್ತಿಕೊಂಡು ನಿಂತುಬಿಟ್ಟ.

ಉಪಾಯ ಕೂದಲೆಳೆಯಷ್ಟೂ ತಪ್ಪದೆ ಫಲಿಸಿತ್ತು. ಈಗ ಬಾಯಿ ಮುಚ್ಚಿಕೊಂಡು, ಹಂಗಾದ್ರೆ ಆಟಕ್ಕೆ ಹೋಗ್ಲಾ ಎಂದು ಕೇಳಿದ್ದರೆ ಸಾಕಿತ್ತು. ಅವಳಿಂದ ಆಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ನಾನು ಸುಳ್ಳು ಹೇಳಿದ್ದು" ಎಂದಳು. ಎಲ್ಲವನ್ನೂ ಹೇಳಿದಳು. ಎರಡು ಗಂಟೆಯ ಆಯ್ಕೆ, ಚೀಲದ ತಳದ ಶೂ, ಮಂಜು ಎಂದದ್ದು, ಯಾವುದನ್ನೂ ಮುಚ್ಚಿಡಲಿಲ್ಲ.

ಅಂಜನಪ್ಪ ದಡದಡನೆ ಮೆಟ್ಟಿಲಿಳಿದು ನಡೆದುಬಿಟ್ಟ. ಹಿಂದೆ ಓಡಲು ಹೋದ ಸುಚಿತ್ರಾಳಿಗೆ ಬಿಸಿಲು ಮುಖಕ್ಕೆ ಹೊಡೆಯಿತು. ಬೀದಿಯೆಲ್ಲ ಬಿಳಿಯೋ ಬಿಳಿ. ಕಾಲ ಕೆಳಗಿನ ಮೆಟ್ಟಿಲು ಕಾಣದೆ ಮುಗ್ಗರಿಸಿದಳು. ಬೀಳುವ ಮೊದಲೇ ಒಂದು ಕೈ ರಟ್ಟೆ ಹಿಡಿಯಿತು.

"ಈಗ ನಿಜವಾಗ್ಲೂ ಕಾಣ್ತಿಲ್ವಾ, ಇಲ್ಲ ಇದೂ ನಾಟಕಾನಾ?"

"ಇದು ನಿಜ ಅಪ್ಪ."

ಅವನು ರಟ್ಟೆ ಬಿಡದೆ ಎಳೆದುಕೊಂಡು ನಡೆದ. ಬಸ್ ಸ್ಟ್ಯಾಂಡಿಗೇ ಇರಬೇಕು ಎಂದುಕೊಂಡಳು. ಕೇಳುವ ಧೈರ್ಯವಿರಲಿಲ್ಲ, ಕೇಳುವ ಹಕ್ಕೂ ತನಗಿಲ್ಲ ಎನ್ನಿಸಿತು. ಕಣ್ಣು ಕಿರಿದು ಮಾಡಿಕೊಂಡು ಹೆಜ್ಜೆ ಹಾಕಿದಳು. ಎದೆ ಮಾತ್ರ ಹಾಳಾದ್ದು, ಒಂದೇ ಸಮನೆ ಎರಡು ಗಂಟೆ, ಎರಡು ಗಂಟೆ ಎಂದು ಹೊಡೆದುಕೊಳ್ಳುತ್ತಿತ್ತು. ಒಂದು ತಿರುವಿನಲ್ಲಿ ಅಂಜನಪ್ಪ ನಿಂತು ಯಾರನ್ನೋ ಕೇಳಿದ. "ಅಣ್ಣಾ, ಸ್ಟೇಡಿಯಂ ಎತ್ಲಾಗೈತೆ?"

ಸುಚಿತ್ರಾ ತಲೆ ಎತ್ತಿದಳು.

"ಏನು ಹಂಗ್ ನೋಡ್ತೀಯ? ಹೆತ್ತಪ್ಪನಿಗೆ ಅಂಥಾ ಸುಳ್ಳು ಹೇಳ್ಸೋ ಆಟ ಯಾವುದು ಅಂತ ನಾನೂ ಒಂದು ಕಿತ ನೋಡ್ಬೇಕು" ಎಂದ ಅಂಜನಪ್ಪ. ದನಿಯಲ್ಲಿ ಸಿಟ್ಟು ಇತ್ತು, ಆದರೆ ಕೈ ಹಿಡಿತ ಮೆತ್ತಗಾಗಿತ್ತು.

ಸ್ಟೇಡಿಯಂನಲ್ಲಿ ಹನುಮಂತರಾಜು ಅವಳ ಮುಖ ನೋಡಿ ಹೌಹಾರಿದರು. "ಏನಮ್ಮ ಇದು, ಕಣ್ಣೆಲ್ಲ ಕಪ್ಪಗಾಗಿ ಹಿಂಗೆ ಅರಳ್ಕಂಡವೆ?" ವಿಷಯ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡರು. "ಇದ್ರಾಗೆ ಹೆಂಗ್ ಆಡ್ತೀಯ? ಬಿದ್ದು ಕೈಕಾಲು ಮುರ್ಕಂಡ್ರೆ? ಬೇಡ, ಬಿಡು."

ಸುಚಿತ್ರಾ ಅಪ್ಪನ ಕಡೆ ತಿರುಗಿದಳು. ಹತ್ತಿರವಿದ್ದ ಮುಖ ಕಲಸಿಹೋಗಿತ್ತು, ಏನೂ ತಿಳಿಯಲಿಲ್ಲ. ಮಾತು ಮಾತ್ರ ಕೇಳಿಸಿತು. "ಆಡ್ಲಿ ಬಿಡ್ರಿ ಮೇಷ್ಟ್ರೆ. ಅಷ್ಟು ದೂರದಿಂದ ಬಂದೀವಿ."

ಮೊದಲು ಸಾಲಾಗಿ ಇಟ್ಟ ಇಟ್ಟಿಗೆಗಳ ನಡುವೆ ಚೆಂಡು ಪುಟಿಸುತ್ತ ಹೋಗಿ ಬರಬೇಕಿತ್ತು. ಸುಚಿತ್ರಾ ಚೆಂಡು ಹಿಡಿದು ಹಳೇ ಚಾಳಿಯಂತೆ ಕೆಳಗೆ ನೋಡಿದಳು. ಸಿಮೆಂಟು ನೆಲದ ಬಿಸಿಲು ಕಣ್ಣಿಗೆ ಮೆಣಸಿನಪುಡಿ ಎರಚಿತು. ಚೆಂಡು ಅನ್ನುವುದು ಬರೀ ಒಂದು ಕಂದು ಕಲೆ. ತಡೆಯಲಾಗದೆ ತಲೆ ಎತ್ತಿದಳು. ದೂರದಲ್ಲಿ ಬುಟ್ಟಿಯ ಬಳೆ, ಬಲೆ, ಆಚೆಯ ಬೇವಿನ ಮರ ಎಲ್ಲವೂ ಅಷ್ಟು ಇಷ್ಟು ನೆಟ್ಟಗೆ ಕಂಡವು. ಕೆಳಗೆ ನೋಡಿ ಪ್ರಯೋಜನವೇ ಇಲ್ಲ ಎಂದ ಮೇಲೆ ಇನ್ನೇನು ಮಾಡುವುದು? ಕೈಯನ್ನು ನಂಬಿದಳು. ಕೈಗೆ ಚೆಂಡು ತಾನಾಗಿ ಬಂತು, ಹೋಯಿತು, ಮತ್ತೆ ಬಂತು. ಇಟ್ಟಿಗೆಗಳ ಸಾಲು ಮುಗಿದದ್ದು ಸೀಟಿ ಕೇಳಿದಾಗಲೇ ಅವಳಿಗೆ ಗೊತ್ತಾದದ್ದು.

ಆಮೇಲೆ ಆಟ. ಹೊಸದುರ್ಗದ ಸುಚೇತಾ ಎದುರು ತಂಡದಲ್ಲಿದ್ದಳು, ಎತ್ತರದ ಹುಡುಗಿ, ತೋಳು ಉದ್ದ. ಎರಡು ಸಲ ಸುಚಿತ್ರಾ ಅವಳನ್ನು ದಾಟಿಕೊಂಡು ಹೋದಳು. ದೂರದಲ್ಲಿ ಕೈ ಎತ್ತಿದ ತಮ್ಮವಳನ್ನು ನೋಡಿ ಉದ್ದಕ್ಕೆ ಚೆಂಡು ಕೊಟ್ಟಳು, ಬುಟ್ಟಿಗೆ ಬಿತ್ತು. ಆದರೆ ಮಗ್ಗುಲಲ್ಲಿ ಬಂದವರು ಯಾರೆಂದು ಗುರುತು ಹತ್ತದೆ ಒಮ್ಮೆ ಚೆಂಡನ್ನು ನೇರ ಸುಚೇತಾಳ ಕೈಗೇ ಕೊಟ್ಟುಬಿಟ್ಟಳು. ಇನ್ನೊಮ್ಮೆ ಗೆರೆ ಕಾಣದೆ ಅಂಕಣದಾಚೆ ಹೋದಳು. ಆಯ್ಕೆಗಾರರು ಏನೋ ಬರೆದುಕೊಂಡದ್ದನ್ನು ದೂರದಿಂದಲೇ ಕಂಡಳು. ಅಂಕಣದ ಹೊರಗೆ ಒಬ್ಬ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು, "ಎಡಕ್ಕೆ ಸುಚೀ! ಎಡಕ್ಕೆ ಬಂದ್ಲು ನೋಡು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

ಆಟ ಮುಗಿದಾಗ ಕಣ್ಣಿನಿಂದ ಧಾರಾಕಾರ ನೀರು. ಸುಚಿತ್ರಾ ನಲ್ಲಿಯ ಹತ್ತಿರ ಕೂತು ಮುಖಕ್ಕೆ ನೀರು ಹೊಡೆದುಕೊಂಡಳು, ಅಂಜನಪ್ಪ ಬುತ್ತಿ ಬಿಚ್ಚಿದ. ಅವಳಿಗೆ ತುತ್ತು ಇಳಿಯಲಿಲ್ಲ. ಅದೇ ಹೊತ್ತಿಗೆ ಆಚೆ ಪಟ್ಟಿ ಅಂಟಿಸಿದರು, ಹುಡುಗಿಯರು ಮುತ್ತಿದರು, ಕಿರುಚಿದರು, ಚದುರಿದರು. ಹೊಸದುರ್ಗದವರು ಬಸ್ಸಿಗೆ ಹೊತ್ತಾಯಿತೆಂದು ಆಗಲೇ ಹೊರಟುಬಿಟ್ಟಿದ್ದರು. ತಂದೆ ಮಗಳು ಗೋಡೆಯ ಮುಂದೆ ಬಂದು ನಿಂತಾಗ ಅಲ್ಲಿ ಯಾರೂ ಇರಲಿಲ್ಲ.

ಸುಚಿತ್ರಾ ಹಾಳೆಗೆ ಮೂಗು ತಾಗಿಸಿದಳು. ಅಕ್ಷರಗಳೆಲ್ಲ ಇರುವೆ ಸಾಲಾಗಿ ಹರಿದಾಡಿದವು. ಹಿಂದೆ ಸರಿದಳು. ಹಾಳೆಯೇ ಚಿಕ್ಕದಾಯಿತು. "ಮೇಷ್ಟ್ರು ಆಫೀಸಿನಾಗವ್ರೆ, ಕರ್ಕಂಡು ಬರ್ಲಾ?" ಎಂದು ಕಾಲು ಕುಣಿಸಿದಳು.

"ತಡಿ. ನಾನು ಓದ್ತೀನಿ."

ಅಂಜನಪ್ಪ ಓದು ಕಲಿತದ್ದು ಸಾಕ್ಷರತಾ ಆಂದೋಲನದವರು ಊರಿಗೆ ಬಂದಾಗ, ಮೂರು ತಿಂಗಳು. ಕ, ಕಾ, ಕಿ ಮುಗಿದು ಒತ್ತಕ್ಷರ ಶುರುವಾಗುವ ಹೊತ್ತಿಗೆ ಕಡ್ಲೇಕಾಯಿ ಕೀಳುವ ಕಾಲ ಬಂದು ಅವನ ಓದು ಅಲ್ಲಿಗೇ ನಿಂತಿತ್ತು. ಈಗ ಅವನು ತೋರುಬೆರಳನ್ನು ಮೊದಲ ಸಾಲಿನ ಕೆಳಗಿಟ್ಟ.

"ಅ... ನು... ಸೂ... ಯ. ಅನುಸೂಯ."

"ಮುಂದಕ್ಕೆ, ಅಪ್ಪ."

"ಬ... ಇದ್ರ ಬುಡದಾಗೆ ಏನೋ ಸುತ್ಕಂಡೈತೆ. ಬಂ... ದಾ. ಬಂದಾ ಅಂತ ಐತೆ. ಯಾರು ಬಂದ?"

"ಅದು ಬೃಂದಾ, ಅಪ್ಪ! ಮುಂದಕ್ಕೆ ಓದು."

ಬೆರಳು ಒಂದೊಂದೇ ಸಾಲು ಇಳಿಯಿತು. ಮೂರು, ನಾಲ್ಕು, ಐದು. ಪ್ರತಿ ಹೆಸರೂ ಒಂ... ದು ಯುಗ. ಸುಚಿತ್ರಾ ಉಗುರು ಕಚ್ಚಿದಳು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು. ಎಂಟು ಮುಗಿದವು. ಒಂಬತ್ತನೆಯದರ ಮೇಲೆ ಬೆರಳು ನಿಂತಿತು.

"ಸು..."

ಸುಚಿತ್ರಾ ಉಸಿರು ಹಿಡಿದಳು.

"ಸು... ಚ... ಚಿಯೋ, ಚೇಯೋ, ಮಳೆ ಹನಿ ಬಿದ್ದಂಗೆ ಮಸಿ ಕಲಸೈತೆ. ಆಮೇಲೆ ತಾ. ಸುಚಿತಾ. ಸುಚೇತಾ." ಅಂಜನಪ್ಪ ಮಗಳ ಕಡೆ ತಿರುಗಿದ. "ಯಾವುದವ್ವ ಇದು?"

ಹಿಂದಿನ ಎಂಟರಲ್ಲಿ ಇಬ್ಬರದೂ ಬಂದಿಲ್ಲ, ಇರುವುದು ಒಂದೇ ಜಾಗ. "ಅಪ್ಪಾ, ಸರಿಯಾಗಿ ನೋಡು. ಆ ತಾ ಕೆಳಗೆ ಏನಾದ್ರೂ ಐತಾ?"

"ಕೆಳಗಾ?"

"ಹೂಂ, ಕೆಳಗೆ. ತಾ ಬುಡದಾಗೆ."

ಅಂಜನಪ್ಪ ಬಗ್ಗಿದ. ಬೆರಳಿನಿಂದ ಹಾಳೆಯನ್ನು ಸವರಿದ. ಅವನು ನೋಡುತ್ತಿದ್ದ ಆ ಹೊತ್ತು ಸುಚಿತ್ರಾ ಅಲುಗಾಡಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಸುಮ್ಮನೆ ಅವಳು ಎಲ್ಲೂ ನಿಂತದ್ದಿಲ್ಲ.

"ಐತೆ" ಎಂದ ಅಂಜನಪ್ಪ. "ಒಂದು ಕೊಕ್ಕೆ ಐತೆ. ಕೆಳಗಿಂದ ಹಿಂಗೆ ಬಾಗ್ಕಂಡು ಮೇಲಕ್ಕೆ ಹೋಗೈತೆ. ಅದನ್ನ ನಮಗೆ ಹೇಳ್ಕೊಡಲಿಲ್ಲ ಕಣವ್ವ. ಏನದು?"

ಸುಚಿತ್ರಾ ಅಪ್ಪನ ಬೆರಳನ್ನು ಹಿಡಿದು, ತನಗೆ ಕಾಣದ ಆ ಕೊಕ್ಕೆಯ ಮೇಲೆ ಅವನಿಂದಲೇ ಎರಡು ಸಲ ತಿದ್ದಿಸಿದಳು.

"ಅದು ನಾನು, ಅಪ್ಪ" ಎಂದಳು. "ಇನ್ನೊಂದ್ಸಲ ಓದು. ನಿಧಾನಕ್ಕೆ ಓದು."